ಗುಡ್ಡ ಎಲ್ಲಿ ಕುಸಿಯುತ್ತದೆ, ಕೆಸರು ಎಲ್ಲಿಗೆ ಹೋಗುತ್ತದೆ: ಹಾರಂಗಿ ಜಲಾನಯನದ ಅಪಾಯದ ನಕ್ಷೆ ಮಾಡುವ ಬಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಮುತ್ತ ಗುಡ್ಡಗಳು ಕುಸಿದಾಗ ಟಿವಿಯಲ್ಲಿ ಎಲ್ಲರೂ ನೋಡಿದ್ದು ಹಸಿರು ಗುಡ್ಡದ ಮೈಮೇಲೆ ಬಿದ್ದ ಕೆಂಪು ಪಟ್ಟಿಗಳನ್ನು. ಆ ಪಟ್ಟಿಯ ಕೆಳಗಿನ ಕಥೆ ಅಷ್ಟಾಗಿ ಕಾಣಿಸಲಿಲ್ಲ. ಹೊಳೆಬದಿಯ ಎಷ್ಟೋ ಮಂದಿಗೆ ಅವರ ಗುಡ್ಡ ಕುಸಿಯಲೇ ಇಲ್ಲ. ಮೇಲಿನೂರಿನ ಗುಡ್ಡ ಬಂದು ಅವರ ಗದ್ದೆಯಲ್ಲಿ ಕೂತಿತು. ಮರದ ದಿಮ್ಮಿ, ಬಂಡೆ, ಕಾಫಿ ಗಿಡ, ಕೆಸರು ಎಲ್ಲ ಒಟ್ಟಿಗೆ.

ಭೂಕುಸಿತದ ನಕ್ಷೆ ಎಂದರೆ ಬರೀ ಕಡಿದಾದ ಜಾಗಕ್ಕೆ ಕೆಂಪು ಬಣ್ಣ ಹಚ್ಚುವುದಲ್ಲ ಎಂದು ನಾನು ಹೇಳುವುದು ಇದಕ್ಕೇ. ಮಣ್ಣು ಎಲ್ಲಿಂದ ಏಳುತ್ತದೆ ಎನ್ನುವುದು ಅರ್ಧ ನಕ್ಷೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದು ಉಳಿದರ್ಧ. ಈ ಎರಡನೇ ಅರ್ಧ ಸಿಗಬೇಕಾದರೆ ತಾಲ್ಲೂಕು, ಪಂಚಾಯಿತಿ ಗಡಿ ಬಿಟ್ಟು ಹೊಳೆಯ ಗಡಿ ಹಿಡಿಯಬೇಕು.

ಹಾರಂಗಿ ನದಿಯನ್ನು ಉದಾಹರಣೆಗೆ ಇಟ್ಟುಕೊಂಡು ಈ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಕಾಲೇಜು ಹುಡುಗರು, ಪಂಚಾಯಿತಿ ಸದಸ್ಯರು, ಕಂಪ್ಯೂಟರ್ ಅಲ್ಪಸ್ವಲ್ಪ ಬಲ್ಲ ಬೆಳೆಗಾರರು ಸೇರಿದರೆ ಒಂದು ಬೇಸಿಗೆಯಲ್ಲಿ ಮುಗಿಸಬಹುದು. ಡಿಸೆಂಬರ್‌ನಲ್ಲಿ ಶುರು ಮಾಡಿ, ಮೇ ಕೊನೆಯೊಳಗೆ ನಕ್ಷೆ ಊರಿನ ಕೈಯಲ್ಲಿರಬೇಕು.

ಮೊದಲು ನೀರಿನ ಗಡಿ

ಮಡಿಕೇರಿ ಸುತ್ತಿನ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಮಕ್ಕಂದೂರು, ಹಟ್ಟಿಹೊಳೆ ಕಡೆಯ ನೀರು ಹಾರಂಗಿಗೆ ಸೇರಿ, ಕೂಡಿಗೆಯಲ್ಲಿ ಕಾವೇರಿಯಾಗುತ್ತದೆ. ಜೋಡುಪಾಲ, ಸಂಪಾಜೆ ಕಡೆಯ ನೀರು ಪಯಸ್ವಿನಿಯಾಗಿ ಪಶ್ಚಿಮಕ್ಕೆ ಹೋಗುತ್ತದೆ. 2018ರಲ್ಲಿ ಎರಡೂ ಕಡೆ ಗುಡ್ಡ ಕುಸಿಯಿತು. ಆದರೆ ಎರಡೂ ಕಡೆಯ ಕೆಸರಿನ ದಾರಿ ಬೇರೆ ಬೇರೆ. ನಕ್ಷೆಯೂ ಬೇರೆ ಬೇರೆಯೇ ಆಗಬೇಕು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ, ಗೂಗಲ್ ಅರ್ಥ್ ಪ್ರೊ, ಜಿಪಿಎಸ್ ಇರುವ ಮೊಬೈಲ್, ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್, ಒಂದು ಟೇಪು. ನೆಲದ ಎತ್ತರದ ದತ್ತಾಂಶ ಇಸ್ರೊದ ಭುವನ್ ತಾಣದಲ್ಲಿ ಕಾರ್ಟೊಡೆಮ್ ಹೆಸರಿನಲ್ಲಿ ಸಿಗುತ್ತದೆ. ಯುರೋಪಿನ ಕೋಪರ್ನಿಕಸ್ ಯೋಜನೆಯದ್ದೂ ಇದೆ. ಎರಡೂ 30 ಮೀಟರಿನವು. ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದು ಎತ್ತರ.

ಇಳಿಸಿಕೊಂಡ ಕೂಡಲೇ ಅದನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಾಯಿಸಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಅಕ್ಷಾಂಶ ರೇಖಾಂಶದಲ್ಲೇ ಇಟ್ಟುಕೊಂಡು ಇಳಿಜಾರು ಲೆಕ್ಕ ಹಾಕಿದರೆ, ಅಡ್ಡಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದು ಇಡೀ ಕೊಡಗು ಗೋಡೆಯ ಹಾಗೆ 90 ಡಿಗ್ರಿ ನೆಟ್ಟಗೆ ನಿಂತಿರುತ್ತದೆ. ನಕ್ಷೆ ಪೂರ್ತಿ ಒಂದೇ ಬಣ್ಣ ಬಂದರೆ ಕಾರಣ ಇದೇ ಎಂದು ತಿಳಿಯಿರಿ.

ಆಮೇಲೆ ಸುಳ್ಳು ತಗ್ಗುಗಳನ್ನು (ನೆಲದಲ್ಲಿಲ್ಲದ, ದತ್ತಾಂಶದ ತಪ್ಪಿನಿಂದ ಕಾಣುವ ಗುಂಡಿಗಳನ್ನು) ತುಂಬಿಸಿ, ನೀರು ಯಾವ ಚೌಕದಿಂದ ಯಾವ ಚೌಕಕ್ಕೆ ಹರಿಯುತ್ತದೆ ಎಂದು ತೆಗೆಯಬೇಕು. ಕ್ಯೂಜಿಐಎಸ್ ಒಳಗಿನ ಗ್ರಾಸ್ ಉಪಕರಣಗಳಲ್ಲಿ ವಾಟರ್‌ಶೆಡ್ ಎಂದು ಹುಡುಕಿದರೆ ಸಿಗುತ್ತದೆ. ಕೊನೆಯ ಬಿಂದುವಾಗಿ ಹಾರಂಗಿ ಅಣೆಕಟ್ಟೆಯನ್ನು ಕೊಡಿ. ಬರುವ ವಿಸ್ತೀರ್ಣ ಸುಮಾರು 420 ಚದರ ಕಿಲೋಮೀಟರ್ ಆಸುಪಾಸು ಇರಬೇಕು. ಅಣೆಕಟ್ಟೆಯ ಜಲಾನಯನ ಅಷ್ಟೇ. ತೀರಾ ಕಡಿಮೆ ಬಂದರೆ ನೀವು ಕೊಟ್ಟ ಬಿಂದು ಹೊಳೆಯ ಮೇಲೆ ಕೂತಿಲ್ಲ, ಪಕ್ಕದ ಯಾವುದೋ ತೋಡಿನ (ಸಣ್ಣ ಹಳ್ಳದ) ಮೇಲೆ ಕೂತಿದೆ. ಒಂದೆರಡು ಚೌಕ ಸರಿಸಿ ಮತ್ತೆ ನೋಡಿ.

ಹಳೆಯ ಕುಸಿತಗಳ ಪಟ್ಟಿ: ಇಲ್ಲಿ ಅವಸರ ಬೇಡ

ನಾಳೆ ಎಲ್ಲಿ ಕುಸಿಯಬಹುದು ಎನ್ನುವುದಕ್ಕೆ ಇರುವ ಗಟ್ಟಿ ಸಾಕ್ಷಿ ಎಂದರೆ ನಿನ್ನೆ ಎಲ್ಲಿ ಕುಸಿದಿತ್ತು ಎಂಬುದು. ಆದ್ದರಿಂದ ಒಟ್ಟು ಸಮಯದ ಅರ್ಧವನ್ನು ಈ ಪಟ್ಟಿಗೇ ಕೊಡಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ದಾಖಲಾದ ಕುಸಿತಗಳ ಪಟ್ಟಿ ಇದೆ. ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಭೂಕುಸಿತಗಳ ಅಟ್ಲಾಸ್ ಹೊರತಂದಿದೆ. 1998ರಿಂದ 2022ರವರೆಗಿನ ಸುಮಾರು 80 ಸಾವಿರ ಕುಸಿತಗಳು ಅದರಲ್ಲಿವೆ, ಕೊಡಗಿನವೂ ಸೇರಿ. ಇವೆರಡರಿಂದ ಆರಂಭಿಸಿ. ಇವೆರಡರಲ್ಲೇ ನಿಲ್ಲಬೇಡಿ.

ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಗಡಿಯಾರದ ಗುರುತಿದೆ. ಅದನ್ನು ಒತ್ತಿ, 2018ರ ಮಳೆಗೆ ಮುಂಚಿನ ಬೇಸಿಗೆಯ ಚಿತ್ರವನ್ನೂ ಮಳೆಯ ನಂತರದ ಬೇಸಿಗೆಯದನ್ನೂ ಒಂದಾದ ಮೇಲೊಂದು ನೋಡಿ. ಮಳೆಗಾಲದ ಚಿತ್ರಗಳಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ಸೆಂಟಿನೆಲ್-2 ಉಪಗ್ರಹದ 10 ಮೀಟರಿನ ಚಿತ್ರಗಳೂ ಉಚಿತ. ಅವುಗಳಲ್ಲಿ ಹಸಿರು ಥಟ್ಟನೆ ಕಮ್ಮಿಯಾದ ಜಾಗಗಳನ್ನು ಹುಡುಕಬಹುದು.

ಹಸಿರು ಹೋದದ್ದೆಲ್ಲ ಕುಸಿತವಲ್ಲ. ನೆರಳಿನ ಮರದ ಕೊಂಬೆ ಕಡಿದ ತೋಟ, ಹೋಂಸ್ಟೇಗೆ ಸಮ ಮಾಡಿದ ಜಾಗ, ಕಲ್ಲು ಕ್ವಾರಿ, ಹೊಸ ರಸ್ತೆ ಎಲ್ಲವೂ ಮೇಲಿನಿಂದ ಕೆಂಪಾಗಿಯೇ ಕಾಣುತ್ತವೆ. ಕುಸಿತಕ್ಕೆ ಒಂದು ಆಕಾರ ಇದೆ. ತಲೆ ಅಗಲವಾಗಿ ಬಿಲ್ಲಿನ ಹಾಗೆ ಬಾಗಿರುತ್ತದೆ. ಕೆಳಗೆ ಉದ್ದಕ್ಕೆ ಬಾಲ ಬಂದು ತೋಡಿಗೆ ಸೇರಿರುತ್ತದೆ. ಮನುಷ್ಯ ಕಡಿದ ಜಾಗಕ್ಕೆ ಮೂಲೆಗಳಿರುತ್ತವೆ. ಅನುಮಾನ ಬಂದರೆ ಗುರುತು ಹಾಕಿಟ್ಟುಕೊಂಡು, ಆ ಜಾಗಕ್ಕೇ ಹೋಗಿ ನೋಡಿ.

ಪ್ರತಿ ಕುಸಿತಕ್ಕೂ ಒಂದು ಚುಕ್ಕೆ ಇಟ್ಟರೆ ಸಾಲದು. ಅದರ ಗಡಿ ಬಿಡಿಸಬೇಕು. ಅದೂ ಮೂರು ಭಾಗವಾಗಿ: ಮಣ್ಣು ಕಿತ್ತುಬಂದ ತಲೆ, ಹರಿದ ದಾರಿ, ಬಂದು ಬಿದ್ದ ರಾಶಿ. ಮುಂದೆ ಎಲ್ಲಿ ಕುಸಿಯಬಹುದು ಎಂಬ ಲೆಕ್ಕಕ್ಕೆ ತಲೆಯ ಭಾಗ ಮಾತ್ರ ಬಳಸಿ. ಮೂರನ್ನೂ ಒಟ್ಟಿಗೆ ಕೊಟ್ಟರೆ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಕೆಸರು ಬಿದ್ದ ಸಪಾಟು ಗದ್ದೆಯೂ ಕುಸಿಯುವ ಜಾಗ ಎಂದು ಕಲಿತುಬಿಡುತ್ತದೆ. ದಾರಿ ಮತ್ತು ರಾಶಿಯ ಭಾಗ ವ್ಯರ್ಥ ಅಲ್ಲ, ಕೆಸರಿನ ದಾರಿ ಎಳೆಯುವಾಗ ಅವೇ ಬೇಕು.

ಇಷ್ಟಾದ ಮೇಲೆ ಮನೆ ಮನೆಗೆ ಹೋಗಿ. ನಾಲ್ಕೈದು ವರ್ಷದಲ್ಲಿ ಕುಸಿದ ಜಾಗದ ಮೇಲೆ ಲಂಟಾನ, ಜರಿಗಿಡ ಹಬ್ಬಿ ಉಪಗ್ರಹಕ್ಕೆ ಏನೂ ಕಾಣದ ಹಾಗೆ ಆಗಿರುತ್ತದೆ. ತೋಟದ ಹಳೆಯ ರೈಟರ್‌ಗಳು (ಲೆಕ್ಕ ಬರೆಯುವವರು), ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ವರ್ಷಾನುಗಟ್ಟಲೆ ಇದ್ದವರು, ದನ ಮೇಯಿಸಿದವರು, ಇವರ ನೆನಪಿನಲ್ಲಿ ಅದು ಇರುತ್ತದೆ. "ಇಲ್ಲಿ ಕುಸಿದಿತ್ತಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಹೆಚ್ಚು. "ಇಲ್ಲಿ ಮಳೆಗಾಲದಲ್ಲಿ ಜಲ ಏಳ್ತಿತ್ತಾ? ಬರೆ ಜಾರಿತ್ತಾ? ಯಾವ ವರ್ಷ ರಸ್ತೆ ಬಂದ್ ಆಗಿತ್ತು?" ಎಂದು ಕೇಳಿ (ಬರೆ ಎಂದರೆ ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆ). ಮಾತು ಬರುತ್ತದೆ. ವರ್ಷ ನೆನಪಿಲ್ಲದಿದ್ದರೆ ಮಗನ ಮದುವೆಗೆ ಮುಂಚೆಯಾ, ಆಮೇಲಾ ಎಂದು ಕೇಳಿದರೆ ಸಾಕು.

ಕಾರಣಗಳ ಪದರಗಳು

ಈಗ ಜಲಾನಯನದ ಮೇಲೆ ಒಂದೊಂದೇ ಪದರ ಹಾಸಬೇಕು. ಇಳಿಜಾರು, ಇಳಿಜಾರು ಯಾವ ದಿಕ್ಕಿಗಿದೆ, ನೆಲ ಬಟ್ಟಲಿನ ಹಾಗೆ ಒಳಬಾಗಿದೆಯಾ ಅಥವಾ ಡುಬ್ಬದ ಹಾಗಿದೆಯಾ, ಬಂಡೆಯ ಜಾತಿ, ಮಣ್ಣಿನ ಆಳ, ನೆಲದ ಬಳಕೆ, ತೋಡಿಗೆ ಎಷ್ಟು ದೂರ, ರಸ್ತೆಗೆ ಎಷ್ಟು ದೂರ. ಇಷ್ಟು ಸಾಕು. ಇಪ್ಪತ್ತು ಪದರ ಹಾಕಿದರೆ ನಕ್ಷೆ ಇಪ್ಪತ್ತು ಪಟ್ಟು ಚೆನ್ನಾಗಿ ಬರುವುದಿಲ್ಲ.

ಎರಡು ಪದರಗಳ ಬಗ್ಗೆ ಹೇಳಲೇಬೇಕು.

ಒಂದು, ಒಳಬಾಗಿದ ನೆಲ. ಗುಡ್ಡದ ಮೈಯಲ್ಲಿ ಎರಡು ಏಣುಗಳ ನಡುವೆ ಬಟ್ಟಲಿನಂಥ ಜಾಗ ಇರುತ್ತದಲ್ಲ, ಅಲ್ಲಿ ಮಣ್ಣೂ ದಪ್ಪ, ನೀರೂ ಅಲ್ಲಿಗೇ ಬರುತ್ತದೆ. ಬೇಸಿಗೆಯಲ್ಲಿ ನೋಡಿದರೆ ತೋಡೇ ಇಲ್ಲ. ಕಾಫಿ ಅಲ್ಲಿ ಚೆನ್ನಾಗಿ ಬೆಳೆದಿರುತ್ತದೆ. ಸತತ ಮಳೆಯಲ್ಲಿ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರುತ್ತದೆ, ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಒಂದು ಹಂತದಲ್ಲಿ ಪೂರ್ತಿ ಬಟ್ಟಲು ಜಾರುತ್ತದೆ. ಊರವರು ಜಲಸ್ಫೋಟ ಎನ್ನುವುದು ಹೆಚ್ಚಾಗಿ ಇದನ್ನೇ. ತುಂಬಾ ಕಡಿದಾದ ಜಾಗದಲ್ಲಿ ಮಣ್ಣೇ ನಿಂತಿರುವುದಿಲ್ಲ, ಬರೀ ಬಂಡೆ. ಹಾಗಾಗಿ ಅತಿ ಕಡಿದಾದ ಜಾಗವೇ ಅತಿ ಅಪಾಯದ ಜಾಗ ಎಂದುಕೊಳ್ಳಬೇಡಿ.

ಇನ್ನೊಂದು, ಬರೆ. ಮನೆ ಕಟ್ಟಲು, ರಸ್ತೆ ಮಾಡಲು ಗುಡ್ಡ ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆ. 30 ಮೀಟರಿನ ದತ್ತಾಂಶಕ್ಕೆ 6 ಮೀಟರ್ ಎತ್ತರದ ಬರೆ ಕಾಣುವುದೇ ಇಲ್ಲ. ಸುತ್ತಲಿನ ಎತ್ತರದಲ್ಲಿ ಅದು ಕರಗಿಹೋಗಿರುತ್ತದೆ. ಮನೆಗಳ ಮೇಲೆ ಬೀಳುವುದು ಬಹಳ ಸಲ ಈ ಬರೆಯೇ. ಇದನ್ನು ಕಂಪ್ಯೂಟರ್ ಮುಂದೆ ಕೂತು ಹುಡುಕಲು ಆಗುವುದಿಲ್ಲ. ಕಾಲ್ನಡಿಗೆಯಲ್ಲೇ ಹಿಡಿಯಬೇಕು.

ಮಳೆಯನ್ನು ಈ ಪದರಗಳಲ್ಲಿ ಸೇರಿಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಒಂದು ಜಲಾನಯನದೊಳಗೆ ಮಳೆಮಾಪಕಗಳು ಬೆರಳೆಣಿಕೆಯಷ್ಟು. ಅವುಗಳ ನಡುವೆ ಬಣ್ಣ ತುಂಬಿಸಿದರೆ ನಕ್ಷೆ ಚೆಂದ ಕಾಣುತ್ತದೆ, ಅಷ್ಟೇ. ಎಲ್ಲಿ ಎಂಬುದನ್ನು ನೆಲ ಹೇಳಲಿ. ಯಾವಾಗ ಎಂಬುದನ್ನು ಮಳೆ ಹೇಳಲಿ.

ಲೆಕ್ಕ

ಸುಲಭದ ವಿಧಾನ ಆವರ್ತನ ಅನುಪಾತದ್ದು. ಉದಾಹರಣೆಗೆ, ನಿಮ್ಮ ಪಟ್ಟಿಯಲ್ಲಿ 100 ಕುಸಿತಗಳಿವೆ, ಅವುಗಳಲ್ಲಿ 45 ಕುಸಿತ 25ರಿಂದ 35 ಡಿಗ್ರಿ ಇಳಿಜಾರಿನಲ್ಲಿ ಆಗಿವೆ ಎಂದುಕೊಳ್ಳಿ. ಆ ಇಳಿಜಾರಿನ ನೆಲ ಇಡೀ ಜಲಾನಯನದ 18% ಮಾತ್ರ. 45ನ್ನು 18ರಿಂದ ಭಾಗಿಸಿದರೆ 2.5. ಅಂದರೆ ಆ ಇಳಿಜಾರಿನಲ್ಲಿ ಸರಾಸರಿಗಿಂತ ಎರಡೂವರೆ ಪಟ್ಟು ಹೆಚ್ಚು ಕುಸಿತ. ಒಂದಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕಮ್ಮಿ. ಪ್ರತಿ ಪದರದ ಪ್ರತಿ ವರ್ಗಕ್ಕೂ ಹೀಗೆ ಅಂಕ ತೆಗೆದು, ಒಂದೊಂದು ಚೌಕದ ಅಂಕಗಳನ್ನು ಕೂಡಿ. ದೊಡ್ಡ ಮೊತ್ತ ಬಂದಲ್ಲಿ ಕುಸಿಯುವ ಸಾಧ್ಯತೆ ಜಾಸ್ತಿ, ಅಲ್ಲಿಗೆ ಕೆಂಪು ಬಣ್ಣ ಹಚ್ಚಿ.

ಬಂದ ಉತ್ತರವನ್ನು ಪರೀಕ್ಷಿಸದೆ ಯಾರಿಗೂ ತೋರಿಸಬೇಡಿ. 2018ರ ಕುಸಿತಗಳಿಂದ ಅಂಕ ತೆಗೆದು, ಆ ನಂತರದ ವರ್ಷಗಳ ಕುಸಿತಗಳನ್ನು ಬೇರೆ ಎತ್ತಿಡಿ. ನಕ್ಷೆ ಆದ ಮೇಲೆ ಅವನ್ನು ಅದರ ಮೇಲಿಟ್ಟು ನೋಡಿ. ಅತಿ ಹೆಚ್ಚು ಅಂಕದ ಐದನೇ ಒಂದು ಭಾಗ ನೆಲದೊಳಗೆ ಹೆಚ್ಚಿನವು ಬಿದ್ದರೆ ನಕ್ಷೆಯಲ್ಲಿ ಸತ್ವ ಇದೆ. ಎಲ್ಲೆಂದರಲ್ಲಿ ಚೆದುರಿದ್ದರೆ ಕುಸಿತಗಳ ಪಟ್ಟಿಗೇ ವಾಪಸ್ ಹೋಗಬೇಕು. ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಬೆಟ್ಟಪ್ರದೇಶಗಳಿಗೆಲ್ಲ 1:50,000 ಅಳತೆಯ ನಕ್ಷೆ ಮಾಡಿದೆ. ನಿಮ್ಮದನ್ನು ಅದರ ಪಕ್ಕ ಇಟ್ಟು ಹೋಲಿಸಿ. ಆ ಅಳತೆಯಲ್ಲಿ ಕಾಗದದ ಮೇಲಿನ 1 ಮಿಲಿಮೀಟರ್ ಎಂದರೆ ನೆಲದ 50 ಮೀಟರ್. "ನಮ್ಮ ಮನೆ ಹಸಿರಿನಲ್ಲಿದೆ, ಪಕ್ಕದವರದ್ದು ಕೆಂಪಿನಲ್ಲಿದೆ" ಎಂದು ಓದುವುದಕ್ಕೆ ಅದು ಮಾಡಿದ್ದಲ್ಲ. ನಿಮ್ಮ ನಕ್ಷೆಗೂ ಇದೇ ಮಾತು ಅನ್ವಯ.

ನಡೆದು ನೋಡುವುದು

ಕೆಂಪು ಬಂದ ಜಾಗಗಳಿಗೆಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ ಬನ್ನಿ. ಮಳೆಯಲ್ಲಿ ಹೋಗಬೇಡಿ, ಒಬ್ಬರೇ ಹೋಗಬೇಡಿ. ತೋಟದವರನ್ನು ಕೇಳಿಯೇ ಒಳಗೆ ಕಾಲಿಡಿ. ಆನೆ ಎಲ್ಲಿದೆ ಎಂಬುದನ್ನೂ ಅವರನ್ನೇ ಕೇಳಿ.

ಮೊದಲು ಗುಡ್ಡದ ಮೇಲಕ್ಕೆ ಹೋಗಿ, ಬಾಗಿದ ಬಿರುಕುಗಳಿವೆಯಾ ನೋಡಿ. ಎಲೆ ಮುಚ್ಚಿರುತ್ತದೆ, ಕೋಲಿನಿಂದ ಸರಿಸಬೇಕು. ಬಿರುಕು ಸಿಕ್ಕರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರ ಅಳೆದು, ತಾರೀಖು ಹಾಕಿ ಬರೆದಿಡಿ. ಮುಂದಿನ ತಿಂಗಳು ಅದೇ ಗೂಟಗಳ ನಡುವೆ ಅಳೆಯಿರಿ. ಎರಡು ಬೆರಳು ಜಾಸ್ತಿಯಾಗಿದ್ದರೂ ನೆಲ ನಡೆಯುತ್ತಿದೆ ಎಂದರ್ಥ. ಆಮೇಲೆ ತಡಮಾಡದೆ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಬರೆದು ತಿಳಿಸಿ.

ಬುಡ ಬಾಗಿದ ಮರಗಳು, ಓರೆಯಾದ ಬೇಲಿಗೂಟ, ಬೇಸಿಗೆಯಲ್ಲೂ ಒದ್ದೆ ಇರುವ ಜಾಗ, ಮುಚ್ಚಿಹೋದ ಚರಂಡಿ ಇವನ್ನೂ ಗುರುತಿಸಿ. ಕಡಿದಾದ ಇಳಿಜಾರಿನ ಮೇಲ್ತುದಿಯಲ್ಲಿ ತೋಡಿದ ಇಂಗುಗುಂಡಿ ಕಂಡರೆ ಅದನ್ನೂ ಬರೆದುಕೊಳ್ಳಿ. ಬಯಲುಸೀಮೆಯಲ್ಲಿ ಒಳ್ಳೆಯ ಕೆಲಸವಾದದ್ದು ದಪ್ಪ ಮಣ್ಣಿನ ಇಳಿಜಾರಿನ ತಲೆಯ ಮೇಲೆ ಒಳ್ಳೆಯದಾಗಬೇಕೆಂದಿಲ್ಲ.

ಬರೆಗಳಿಗೆ ಬೇರೆಯೇ ಒಂದು ಪುಸ್ತಕ ಇಡಿ. ಎತ್ತರ ಎಷ್ಟು, ಮನೆಯ ಗೋಡೆಗೂ ಬರೆಗೂ ಎಷ್ಟು ಅಂತರ, ಬರೆಯ ಬದಿಗೆ ಯಾವ ಕೋಣೆ ಇದೆ. ಈ ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಮಲಗುವ ಕೋಣೆ ಬರೆಯ ಬದಿಗಿದ್ದರೆ, ಆ ಮನೆಯವರು ಜೋರು ಮಳೆಯ ದಿನ ಮುಂದಿನ ಕೋಣೆಯಲ್ಲಿ ಮಲಗಬಹುದಲ್ವಾ? ಇಷ್ಟು ಸಣ್ಣ ಬದಲಾವಣೆಗೆ ಯಾವ ಇಲಾಖೆಯ ಒಪ್ಪಿಗೆಯೂ ಬೇಡ.

ಕೆಸರಿನ ದಾರಿ ಎಳೆಯುವುದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಒಡೆದದ್ದು ಸುಮಾರು 1,550 ಮೀಟರ್ ಎತ್ತರದಲ್ಲಿ. ಕೆಸರು ಹೊಳೆಯ ಪಾತ್ರ ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತು. ಮುಂಡಕ್ಕೈ, ಚೂರಲ್‌ಮಲ ಆ ದಾರಿಯಲ್ಲಿದ್ದವು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ, ಮಣ್ಣು ಗಂಗಾವಳಿ ನದಿಗೆ ನುಗ್ಗಿ, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಉಳುವರೆಯ ಆ ಮನೆಗಳಿಗೂ ಕುಸಿದ ಗುಡ್ಡಕ್ಕೂ ನಡುವೆ ಒಂದು ಇಡೀ ನದಿ ಇತ್ತು. ಬರೀ ಇಳಿಜಾರು ನೋಡಿ ಬಣ್ಣ ಹಚ್ಚಿದ ನಕ್ಷೆಯಲ್ಲಿ ಇಂಥ ಮನೆಗಳು ಹಸಿರಿನಲ್ಲಿರುತ್ತವೆ.

ಹಾಗಾಗಿ ಪ್ರತಿ ಕೆಂಪು ಜಾಗದಿಂದ ನೀರು ಹರಿಯುವ ದಾರಿಯನ್ನು ಕೆಳಗಿನವರೆಗೂ ಎಳೆಯಿರಿ. ಎಲ್ಲಿಯವರೆಗೆ ಎಳೆಯಬೇಕು? ಇದಕ್ಕೆ ನಿಮ್ಮ ಜಲಾನಯನದ ಹಳೆಯ ಕುಸಿತಗಳೇ ಅಳತೆಗೋಲು. ಪ್ರತಿಯೊಂದಕ್ಕೂ ತಲೆಯಿಂದ ರಾಶಿಯ ತುದಿಯವರೆಗಿನ ಎತ್ತರದ ವ್ಯತ್ಯಾಸವನ್ನು ನೆಲದ ಮೇಲಿನ ದೂರದಿಂದ ಭಾಗಿಸಿ. 200 ಮೀಟರ್ ಇಳಿದು 800 ಮೀಟರ್ ಹೋಗಿದ್ದರೆ 0.25, ಅಂದರೆ ಸುಮಾರು 14 ಡಿಗ್ರಿ. ಈ ಅಂಕೆ ಸಣ್ಣದಾದಷ್ಟೂ ಕೆಸರು ದೂರ ಹೋಗಿದೆ. ಎಲ್ಲಕ್ಕಿಂತ ಸಣ್ಣ ಅಂಕೆಯನ್ನು ತೆಗೆದುಕೊಂಡು, ಹೊಸ ಕೆಂಪು ಜಾಗಗಳಿಗೂ ಆ ಅಂಕೆಯೇ ಬರುವಷ್ಟು ದೂರದವರೆಗೆ ಗುರುತು ಹಾಕಿ. ಸರಾಸರಿ ತೆಗೆಯಬೇಡಿ. ಸರಾಸರಿಗಿಂತ ದೂರ ಹೋದದ್ದೇ ಮನೆ ತೆಗೆಯುವುದು.

ಎಳೆದ ಗೆರೆಯ ಮೇಲೆ ಮೂರು ಬಗೆಯ ಜಾಗಗಳಿಗೆ ವಿಶೇಷ ಗುರುತು ಬೇಕು. ಕಿರಿದಾದ ಕಣಿವೆ ಥಟ್ಟನೆ ಬಯಲಿಗೆ ತೆರೆಯುವಲ್ಲಿ ಕೆಸರು ಅಗಲಕ್ಕೆ ಹರಡುತ್ತದೆ. ಸಪಾಟಾಗಿ, ಹೊಳೆಯ ಹತ್ತಿರ ಇರುವುದರಿಂದ ಜನ ಮನೆ ಕಟ್ಟುವುದೂ ಅಲ್ಲೇ. ಹೊಳೆ ತಿರುಗುವಲ್ಲಿ ಕೆಸರು ಹೊರಬದಿಯ ದಡ ಹತ್ತುತ್ತದೆ. ಸಣ್ಣ ಮೋರಿ ಇರುವಲ್ಲಿ ದಿಮ್ಮಿಗಳು ಸಿಕ್ಕಿ, ನೀರು ಕಟ್ಟಿ, ಆಮೇಲೆ ಒಮ್ಮೆಲೇ ಒಡೆಯುತ್ತದೆ. ಜೋರು ಮಳೆಯಲ್ಲಿ ತೋಡಿನ ನೀರು ದಿಢೀರ್ ಕಮ್ಮಿಯಾದರೆ ಮೇಲೆಲ್ಲೋ ಕಟ್ಟಿಕೊಂಡಿದೆ ಎಂದೇ ತಿಳಿದು ಪಾತ್ರದಿಂದ ದೂರ, ಎತ್ತರಕ್ಕೆ ಹೋಗಬೇಕು. ಈ ಒಂದು ಸಾಲನ್ನು ನಕ್ಷೆಯ ಮೇಲೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಯಾರಿದ್ದಾರೆ, ಏನಿದೆ

ಇಲ್ಲಿಯವರೆಗೆ ಆಗಿದ್ದು ಗುಡ್ಡದ ನಕ್ಷೆ. ಅಪಾಯದ ನಕ್ಷೆ ಆಗುವುದು ಮನುಷ್ಯರನ್ನು ಸೇರಿಸಿದಾಗ. ಯಾರೂ ಇಲ್ಲದ ಕಾಡಿನಲ್ಲಿ ಗುಡ್ಡ ಕುಸಿದರೆ ನಷ್ಟ ಒಂದು ಬಗೆ, ಅಂಗನವಾಡಿ ಹಿಂದೆ ಕುಸಿದರೆ ಇನ್ನೊಂದು ಬಗೆ.

ಕೆಂಪು ಜಾಗ ಮತ್ತು ಕೆಸರಿನ ದಾರಿಯೊಳಗೆ ಬರುವ ಮನೆ, ಲೈನ್‌ಮನೆ, ಶಾಲೆ, ಸೇತುವೆ, ನೀರಿನ ಟ್ಯಾಂಕ್, ಟ್ರಾನ್ಸ್‌ಫಾರ್ಮರ್ ಎಲ್ಲ ಗುರುತಿಸಿ. ಲೈನ್‌ಮನೆಗಳನ್ನು ಬಿಟ್ಟುಬಿಡುವ ತಪ್ಪು ಆಗಾಗ ಆಗುತ್ತದೆ. ದಾಖಲೆಯಲ್ಲಿ ಅವು ತೋಟದ ಒಂದು ಕಟ್ಟಡ ಮಾತ್ರ. ಒಳಗೆ ಅಸ್ಸಾಂ, ಬಂಗಾಳದಿಂದ ಬಂದ ಹತ್ತಾರು ಜನ ಇರಬಹುದು. ಅವರಿಗೆ ಈ ಗುಡ್ಡದ ನೆನಪೂ ಇಲ್ಲ, ಕನ್ನಡದಲ್ಲಿ ಕೊಡುವ ಎಚ್ಚರಿಕೆಯೂ ತಿಳಿಯುವುದಿಲ್ಲ. ಅಲ್ಲಿಗೆ ಹೇಳಿಕಳಿಸುವ ಹೊಣೆ ಯಾರದ್ದು ಎಂದು ಬರೆದಿಡಿ.

ಹಾಸಿಗೆ ಹಿಡಿದವರು, ಒಂಟಿ ವೃದ್ಧರು ಇರುವ ಮನೆಗಳ ಪಟ್ಟಿ ಪಂಚಾಯಿತಿಯಲ್ಲಿ ಮಾತ್ರ ಇರಲಿ. ಗೋಡೆಗೆ ಹಾಕುವ ನಕ್ಷೆಯಲ್ಲಿ ಯಾರ ಹೆಸರೂ ಬೇಡ. ತಪ್ಪಿಸಿಕೊಳ್ಳುವ ದಾರಿಯನ್ನು ಹಾಕುವಾಗ ಅದು ಕೆಸರಿನ ದಾರಿಯನ್ನು ದಾಟುತ್ತದಾ ಎಂದು ಎರಡು ಸಲ ನೋಡಿ. ಮಡಿಕೇರಿ-ಸೋಮವಾರಪೇಟೆ ರಸ್ತೆ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಮೂಲಕವೇ ಹೋಗುತ್ತದೆ. ಕಷ್ಟ ಬಂದಾಗ ಎಲ್ಲರೂ ಓಡುವ ರಸ್ತೆಯೇ ಮೊದಲು ಮುಚ್ಚಿಹೋಗಬಹುದು.

ನಕ್ಷೆ ಹೊರಬಂದರೆ ಜಾಗದ ಬೆಲೆ ಬೀಳುತ್ತದೆ ಎಂಬ ಮಾತು ಖಂಡಿತ ಬರುತ್ತದೆ. ಅದು ಸುಮ್ನೆ ಹುಟ್ಟಿದ ಭಯವಲ್ಲ. ಆದ್ದರಿಂದ ಅಂತಿಮ ಮಾಡುವ ಮುಂಚೆ ಕರಡು ನಕ್ಷೆಯನ್ನು ಊರವರ ಮುಂದೆ ಹಾಸಿ. ತಿದ್ದಲು ಅವರ ಕೈಗೇ ಪೆನ್ನು ಕೊಡಿ. ತಿದ್ದುವವರು ಅದನ್ನು ತಮ್ಮದೆಂದು ನೋಡುತ್ತಾರೆ.

ಮಳೆಯ ಪುಸ್ತಕ

ಕೊಡಗಿಗೆ ಒಂದು ಅದೃಷ್ಟ ಇದೆ. ಇಲ್ಲಿನ ಎಷ್ಟೋ ತೋಟಗಳಲ್ಲಿ ಅಪ್ಪ, ಅಜ್ಜನ ಕಾಲದಿಂದ ಮಳೆ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆಯುವುದು ರೂಢಿ. "ಇವತ್ತು 3 ಇಂಚು 40 ಸೆಂಟು" ಎಂದರೆ 3.40 ಇಂಚು. 25.4ರಿಂದ ಗುಣಿಸಿದರೆ ಸುಮಾರು 86 ಮಿಲಿಮೀಟರ್. ಜಲಾನಯನದ ಮೇಲ್ಭಾಗ, ನಡುಭಾಗ, ಕೆಳಭಾಗದಿಂದ ಅಂಥ ಎರಡೆರಡು ಪುಸ್ತಕಗಳ ಫೋಟೊ ತೆಗೆದುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಇತ್ತೀಚಿನ ವರ್ಷಗಳಿಗೆ ಅದು ಸಾಕು.

ಪ್ರತಿ ಹಳೆಯ ಕುಸಿತದ ದಿನಕ್ಕೆ ಆ ದಿನದ ಮಳೆ, ಹಿಂದಿನ ಮೂರು ದಿನದ ಮೊತ್ತ, ಹಿಂದಿನ ಹದಿನೈದು ದಿನದ ಮೊತ್ತ, ಮೂರನ್ನೂ ಬರೆಯಿರಿ. ಅಷ್ಟೇ ಮಳೆ ಸುರಿದರೂ ಏನೂ ಕುಸಿಯದ ದಿನಗಳನ್ನೂ ಬರೆಯಿರಿ. ಜೂನ್‌ನಲ್ಲಿ ತಡೆದುಕೊಂಡ ಗುಡ್ಡ ಆಗಸ್ಟ್‌ನಲ್ಲಿ ಅದೇ ಮಳೆಗೆ ಯಾಕೆ ಬಿತ್ತು ಎಂಬುದು ಹದಿನೈದು ದಿನದ ಕಾಲಂನಲ್ಲಿ ಕಾಣುತ್ತದೆ. ಮೇಲಿಂದ ಮೇಲೆ ಸುರಿದು ಮಣ್ಣು ಮೊದಲೇ ತುಂಬಿಹೋಗಿರುತ್ತದೆ. ನಾಲ್ಕಾರು ಕುಸಿತಗಳಿಗೆ ಹೀಗೆ ಬರೆದ ಮೇಲೆ ನಿಮ್ಮ ಊರಿಗೆ ಎಷ್ಟು ಇಂಚಿಗೆ ಎಚ್ಚರ, ಎಷ್ಟು ಇಂಚಿಗೆ ಮನೆ ಬಿಡಬೇಕು ಎಂಬ ಎರಡು ಅಂಕೆ ಇಟ್ಟುಕೊಳ್ಳಬಹುದು. ಅನುಮಾನ ಇದ್ದರೆ ಕಡಿಮೆ ಅಂಕೆಯನ್ನೇ ಇಡಿ. ಮಿಲಿಮೀಟರ್‌ನಲ್ಲಿ ಬರೆಯಬೇಡಿ, ಇಂಚಿನಲ್ಲೇ ಬರೆಯಿರಿ. ಊರು ಮಳೆಯನ್ನು ಇಂಚಿನಲ್ಲೇ ಮಾತಾಡುತ್ತದೆ.

ಗೋಡೆಗೆ ಹಾಕಿದ ಮೇಲೆ

ಪಂಚಾಯಿತಿ ಕಚೇರಿ, ಶಾಲೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಈ ನಾಲ್ಕು ಕಡೆ ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿ. ಬಣ್ಣ ಮೂರೇ ಸಾಕು. ತೋಡು, ಹೊಳೆಗಳಿಗೆ ಊರವರು ಕರೆಯುವ ಹೆಸರನ್ನೇ ಬರೆಯಿರಿ. ಮೂಲೆಯಲ್ಲಿ ನಕ್ಷೆ ಮಾಡಿದ ತಿಂಗಳು, ವರ್ಷ ಇರಲಿ. ಒಂದು ಪ್ರತಿಯನ್ನು ಕೆಳಗಿನ ಪಂಚಾಯಿತಿಗೂ ಕೊಡಿ. ನಿಮ್ಮ ಕೆಂಪು ಜಾಗದ ಕೆಸರು ಹೋಗುವುದು ಅವರಲ್ಲಿಗೆ. ಹಾಗೆಯೇ ಮೇಲಿನ ಪಂಚಾಯಿತಿಯಿಂದ ಅವರದ್ದನ್ನು ಕೇಳಿ ತರಿಸಿಕೊಳ್ಳಿ. ಮೇಲಿನವರು ಕೆಳಗಿನವರಿಗೆ ಒಂದು ಫೋನ್ ಮಾಡುವ ಏರ್ಪಾಡು ಮಳೆಗಾಲಕ್ಕೆ ಮುಂಚೆಯೇ ಆಗಿರಲಿ. ಯಾರು ಯಾರಿಗೆ ಮಾಡಬೇಕು, ಟವರ್ ಹೋದರೆ ಯಾರು ಬೈಕಿನಲ್ಲಿ ಹೋಗಬೇಕು ಎಂಬುದೂ ಬರೆದಿರಬೇಕು.

ನವೆಂಬರ್‌ನಲ್ಲಿ ಮಳೆ ಪೂರ್ತಿ ನಿಂತ ಮೇಲೆ ಮತ್ತೆ ಒಂದು ಸುತ್ತು ಹೋಗಿ. ಹೊಸ ಕುಸಿತ, ಹೊಸ ಬರೆ, ಹೊಸ ರಸ್ತೆ, ಹೊಸ ಮನೆ ಸೇರಿಸಿ. ಗೂಟಗಳ ನಡುವಿನ ಅಂತರ ಅಳೆದು, ಹಳೆಯ ಅಳತೆಯ ಕೆಳಗೆ ತಾರೀಖು ಹಾಕಿ ಬರೆಯಿರಿ.